ಮುಯ್ಯಾಳುಗಳ ಪಲ್ಟನ್ನು

ಒಬ್ಬರೇ ಸುಮ್ಮನೆ ಕೂತಿರುವವರನ್ನು ಕಂಡರೆ ನಮ್ಮ ಪಾಂಡವಪುರದ ಜನಕ್ಕೆ ತಡೆದುಕೊಳ್ಳಲು ಆಗುವುದಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಯಾರಾದರೂ ಒಂಟಿಯಾಗಿ ಕೂತಿದ್ದರೆ ಮೊದಲು ‘ಬಸ್ಸು ತಪ್ಪೋಯ್ತಾ’ ಎಂದು ಕೇಳುತ್ತಾರೆ. ಇಲ್ಲ ಎಂದರೆ ‘ಮನೇಲಿ ಏನಾರ ಜಗ್ಳವಾ’ ಎನ್ನುತ್ತಾರೆ. ಅದೂ ಇಲ್ಲ ಎಂದರೆ ಪಕ್ಕದಲ್ಲೇ ಕೂತು, ನಿಜವಾದ ಕಾರಣ ಹೊರಗೆ ಬರುವವರೆಗೆ ಕಾಯುತ್ತಾರೆ. ಅಷ್ಟರಲ್ಲಿ ಅವರ ಬಸ್ಸೂ ತಪ್ಪಿರುತ್ತದೆ. ಏಕಾಂತ ಎಂಬ ಮಾತನ್ನು ನಾನು ನಮ್ಮ ಕಡೆ ನೋಡಿರುವುದು ದೇವಸ್ಥಾನದ ಸೇವೆಗಳ ಬೋರ್ಡಿನಲ್ಲಿ ಮಾತ್ರ. ಅದು ದೇವರಿಗೆ. ಆ ಏಕಾಂತ ಸೇವೆಗೂ ಅರ್ಚಕರು, ಪರಿಚಾರಕರು, ನಾದಸ್ವರದವರು, ಪ್ರಸಾದಕ್ಕೆ ಕಾದಿರುವ ಹತ್ತಾರು ಜನ ನಿಂತಿರುತ್ತಾರೆ. ದೇವರಿಗೇ ದಕ್ಕದ್ದು ಒಬ್ಬ ಕಾಲೇಜು ಗುಮಾಸ್ತೆಗೆ ದಕ್ಕೀತೇ ಎಂದು ನಾನು ಮೊದಲೇ ಯೋಚಿಸಬೇಕಿತ್ತು.

ಹೌದು, ನಾನು ಇಲ್ಲಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು. ನನ್ನ ಕುರ್ಚಿ ಕಿಟಕಿಯ ಪಕ್ಕ. ಕಿಟಕಿ ಎಂದರೆ ಗಾಳಿ ಬೆಳಕು ಬರುವ ಕಿಟಕಿಯಲ್ಲ, ಕೈಗಳು ಬರುವ ಕಿಟಕಿ. ಬೆಳಗಿನಿಂದ ಸಂಜೆಯವರೆಗೆ ಆ ಕಂಡಿಯಿಂದ ಕೈಗಳು ಬರುತ್ತಲೇ ಇರುತ್ತವೆ. ಟಿಸಿ ಬೇಕು, ಮಾರ್ಕ್ಸ್ ಕಾರ್ಡು ಬೇಕು, ಹೆಸರಿನಲ್ಲಿ ತಿದ್ದುಪಡಿ ಬೇಕು. ಮನೆಗೆ ಬಂದರೆ ನಮ್ಮ ಮನೆಯವರು. ಅವರು ಕೆ.ಆರ್. ಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕನ್ನಡಕ, ಕರ್ಚೀಫು, ಬಸ್ ಪಾಸು ಈ ಮೂರೂ ಎಲ್ಲಿವೆ ಎಂಬ ಪ್ರಮೇಯವನ್ನು ದಿನಾ ಬೆಳಿಗ್ಗೆ ನನ್ನಿಂದ ಬಿಡಿಸಿಕೊಂಡೇ ಮನೆ ಬಿಡುವವರು. ಐವತ್ತು ದಾಟಿದ ಮೇಲೆ ನನಗೊಂದು ಆಸೆ ಹುಟ್ಟಿತು. ಭಾನುವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲಿನಿಂದ ನಾಲ್ಕು ಗಂಟೆಯ ಕಾಫಿಯವರೆಗಿನ ಹೊತ್ತು ನನ್ನದಾಗಬೇಕು. ಯಾರ ಕೈಯೂ ಒಳಗೆ ಬರಬಾರದು. ಇದಕ್ಕಿಂತ ಹೆಚ್ಚೇನನ್ನೂ ನಾನು ಕೇಳಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಆದರೆ ಬರೀ ಕೂತರೆ ಬಿಡುವವರುಂಟೇ? ಕೈಯಲ್ಲಿ ಒಂದು ಕೆಲಸ ಇದ್ದಂತೆ ಕಾಣಬೇಕು. ಆ ಕೆಲಸ ಸಿಕ್ಕಿದ್ದು ಶ್ರೀರಂಗಪಟ್ಟಣದಲ್ಲಿ, ನನ್ನ ಅಕ್ಕನ ಮನೆಯಲ್ಲಿ. ನಮ್ಮ ಭಾವ ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಅವರ ಹಾಲ್‌ನಲ್ಲಿ ಗಾಜಿನ ಬೀರುವೊಂದಿದೆ. ಬೇರೆಯವರ ಮನೆಯಲ್ಲಿ ಅಂಥ ಬೀರುವಿನಲ್ಲಿ ಸ್ಟೀಲ್ ಲೋಟ ಇರುತ್ತವೆ. ಇವರದರಲ್ಲಿ ಕಿರುಬೆರಳಿಗಿಂತ ಗಿಡ್ಡನೆಯ ಸಿಪಾಯಿಗಳು ಸಾಲಾಗಿ ನಿಂತಿದ್ದಾರೆ. ಬಿಡಿ ಭಾಗಗಳನ್ನು ತರಿಸಿ, ತಾವೇ ಅಂಟಿಸಿ, ಬಣ್ಣ ಹಚ್ಚಿದ್ದು. ಒಬ್ಬೊಬ್ಬನ ಕೋಟಿನ ಗುಂಡಿಯೂ ಹೊಳೆಯುತ್ತದೆ. ಭಾವ ಈ ಕೆಲಸಕ್ಕೆ ಕೂತರೆ ಅಕ್ಕ ಕೂಡ ರೂಮಿನೊಳಗೆ ಹೋಗುವುದಿಲ್ಲ. ನನಗೆ ಹಿಡಿಸಿದ್ದು ಸಿಪಾಯಿಗಳಲ್ಲ, ಅಕ್ಕ ಒಳಗೆ ಹೋಗುವುದಿಲ್ಲ ಎಂಬ ಆ ಸಂಗತಿ. ನಾನೂ ಕಲಿಯುತ್ತೇನೆ ಎಂದಾಗ ಭಾವ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ರಂಗರೂಟನ್ನು ಭರ್ತಿ ಮಾಡಿಕೊಳ್ಳುವವರಂತೆ, ‘ಕೈ ನಡುಗುತ್ತಾ?’ ಎಂದರು. ‘ಇಲ್ಲ’ ಎಂದೆ. ‘ನಡುಗುತ್ತೆ, ಆಮೇಲೆ ಗೊತ್ತಾಗುತ್ತೆ’ ಎಂದು ಒಂದು ಹೊಸ ಡಬ್ಬಿ ಕೊಟ್ಟರು. ಯಾವುದೋ ಕಾಲದ, ಯಾವುದೋ ದೂರದೇಶದ ಕಾಲಾಳು ಪಡೆ. ಸಂಕ್ರಾಂತಿ ಆಗಿ ವಾರವಾಗಿತ್ತು.

ಡಬ್ಬಿಯ ಮೇಲೆ ಗಂಭೀರವಾದ ಯುದ್ಧದ ಚಿತ್ರವಿತ್ತು. ಒಳಗೆ ಇದ್ದದ್ದು ಬೂದು ಬಣ್ಣದ ಪ್ಲಾಸ್ಟಿಕ್ಕಿನ ಚೌಕಟ್ಟು. ಅದಕ್ಕೆ ಕೈ, ಕಾಲು, ತಲೆ, ಬಂದೂಕುಗಳು ನುಗ್ಗೆಸೊಪ್ಪಿನ ಎಲೆಗಳಂತೆ ಅಂಟಿಕೊಂಡಿದ್ದವು. ಒಂದೊಂದನ್ನೂ ಕತ್ತರಿಸಿ ತೆಗೆಯಬೇಕು, ಅಂಚು ಉಜ್ಜಿ ನಯ ಮಾಡಬೇಕು, ಸೋಪಿನ ನೀರಿನಲ್ಲಿ ತೊಳೆದು ಜಿಡ್ಡು ಬಿಡಿಸಬೇಕು, ಒಣಗಿದ ಮೇಲೆ ಅಂಟಿಸಬೇಕು. ಸೊಪ್ಪು ಬಿಡಿಸುವ, ಬೇಳೆ ಆರಿಸುವ ಕೈಗೆ ಇದೇನು ಮಹಾ ಎಂದುಕೊಂಡೆ. ಉಗುರು ಕತ್ತರಿಸುವ ಕಟರಿನಲ್ಲಿ ಕತ್ತರಿಸಿದೆ, ಅದರದೇ ಅರದಲ್ಲಿ ಉಜ್ಜಿದೆ, ಕಾಫಿ ಜರಡಿಯಲ್ಲಿ ತೊಳೆದೆ. ಅಂಟು ಮಾತ್ರ ನನ್ನ ಮಾತು ಕೇಳಲಿಲ್ಲ. ಮೊದಲ ಸಿಪಾಯಿಯ ಬಲಗೈ ನನ್ನ ಹೆಬ್ಬೆರಳಿಗೆ ಅಂಟಿತು. ಬಿಡಿಸುವಾಗ ನನ್ನ ಚರ್ಮ ಅವನಿಗೆ ಹೋಯಿತು. ನಮ್ಮ ಮನೆಯವರು ಕೆ.ಆರ್. ಪೇಟೆಯಿಂದ ತೆಳ್ಳನೆಯ ಬ್ರಶ್ಶು ತಂದುಕೊಟ್ಟರು. ಅಂಗಡಿಯವನು ‘ಮಗು ಯಾವ ಕ್ಲಾಸು ಸಾರ್’ ಎಂದು ಕೇಳಿದನಂತೆ. ಇವರು ನಾಚಿಕೆಯಾಗಿ ‘ಆರನೇ ಕ್ಲಾಸು’ ಎಂದು ಹೇಳಿ ಬಂದರಂತೆ.

ಬಣ್ಣ ಹಚ್ಚುವುದನ್ನು ಕಲಿಯಲು ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿದೆ. ಅವುಗಳಲ್ಲಿ ಬರುವ ಗುರುಗಳೆಲ್ಲ ‘ಇದಕ್ಕೆ ಬೇಕಾದ್ದು ತಾಳ್ಮೆ ಒಂದೇ’ ಎಂದು ಶುರು ಮಾಡುತ್ತಾರೆ. ಅವರ ಹಿಂದೆ ಮೆಡಿಕಲ್ ಸ್ಟೋರಿನಂತೆ ಬಣ್ಣದ ಸೀಸೆಗಳ ಕಪಾಟು, ತಲೆಗೆ ಕಟ್ಟಿಕೊಂಡ ಭೂತಗನ್ನಡಿ, ಆಪರೇಷನ್ ಥಿಯೇಟರಿನ ದೀಪ, ಮತ್ತು ಮುಚ್ಚಿದ ಬಾಗಿಲು. ಬಾಗಿಲು ಮುಚ್ಚಿರುವವರಿಗೆ ತಾಳ್ಮೆ ಎಷ್ಟಾದರೂ ಇರುತ್ತದೆ. ಅವರಲ್ಲೊಬ್ಬ, ಬಣ್ಣವನ್ನು ಹಾಗೇ ಹಚ್ಚಬಾರದು, ನೀರು ಬೆರೆಸಿ ಹಾಲಿನ ಹದಕ್ಕೆ ತರಬೇಕು ಎಂದ. ಅವನಿಗೇನು, ಹೇಳಿಬಿಟ್ಟ. ಯಾವ ಹಾಲು ಎಂದು ಹೇಳಲಿಲ್ಲ. ನಾನು ದಿನಾ ನೋಡುವ ಹಾಲು ಎಂದರೆ ನಮ್ಮ ವರ್ತನೆ ಹಾಲಿನವನು ಹಾಕುವ ಹಾಲು. ಆ ಹದಕ್ಕೆ ತಂದು ಹಚ್ಚಿದೆ. ಕೆಂಪು ಕೋಟು ಹಾಗೇ ಇಳಿದು, ಸೊಂಟ ದಾಟಿ, ಬಿಳಿ ಷರಾಯಿ ದಾಟಿ, ಬೂಟಿನಲ್ಲಿ ನಿಂತಿತು. ಯುದ್ಧಕ್ಕೆ ಹೋಗುವ ಮೊದಲೇ ಸಿಪಾಯಿ ರಕ್ತದ ಮಡುವಿನಲ್ಲಿದ್ದ. ಆಮೇಲೆ ಒಂದು ದಿನ ಎದುರುಮನೆಯಿಂದ ಎಮ್ಮೆ ಹಾಲು ಬಂದಾಗ ಆ ಹದವನ್ನು ಕಣ್ಣಳತೆ ಇಟ್ಟುಕೊಂಡೆ. ಬಣ್ಣ ಇಟ್ಟ ಕಡೆ ನಿಂತಿತು. ಹಾಲಿನವನ ಮೇಲೆ ನನಗಿದ್ದ ಅನುಮಾನ ಹೀಗೆ ದೂರದೇಶದ ವಿದ್ವಾಂಸನೊಬ್ಬನ ಸಹಾಯದಿಂದ ಸಾಬೀತಾಯಿತು.

ಒಣಗಿಸಲು ಇಡ್ಲಿ ತಟ್ಟೆಗಳು ಸಿಕ್ಕವು. ಒಂದೊಂದು ಗುಳಿಯಲ್ಲಿ ಒಬ್ಬೊಬ್ಬ ಸಿಪಾಯಿ. ಒಂದರ ಮೇಲೊಂದು ತಟ್ಟೆ ಏರಿಸಿದರೆ ನಾಲ್ಕು ಅಂತಸ್ತಿನ ಬ್ಯಾರಕ್ಕು. ‘ನಾಳೆ ಬೆಳಿಗ್ಗೆ ಇಡ್ಲೀನಾ, ಇವ್ರನ್ನೇ ಬೇಯಿಸ್ತೀಯಾ?’ ಎಂದು ಇವರು ಕೇಳಿದರು. ನಿಜ ಹೇಳುತ್ತೇನೆ, ನನ್ನ ಸಿಪಾಯಿಗಳು ಚೆನ್ನಾಗಿರಲಿಲ್ಲ. ಒಬ್ಬನಿಗೆ ಕಾಮಾಲೆ, ಒಬ್ಬನಿಗೆ ಕೆಪ್ಪಟರಾಯ, ಒಬ್ಬನ ಮೀಸೆ ಕಿವಿಯಿಂದ ಹೊರಟು ಮತ್ತೊಂದು ಕಿವಿಗೆ ಸೇರಿತ್ತು. ಆದರೂ ಆ ಮೊದಲ ಮೂರು ನಾಲ್ಕು ಭಾನುವಾರಗಳ ಮಧ್ಯಾಹ್ನ ನಾನು ಯಾರ ಗುಮಾಸ್ತೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಯಾರ ನಾದಿನಿಯೂ ಅಲ್ಲ. ಒಂದು ಗುಂಡಿಗೆ ಹಳದಿ ಚುಕ್ಕೆ ಇಡಬೇಕಾದವಳು, ಅಷ್ಟೇ. ಉಸಿರು ಬಿಗಿ ಹಿಡಿದು ಚುಕ್ಕೆ ಇಟ್ಟು, ಉಸಿರು ಬಿಟ್ಟಾಗ ಗಡಿಯಾರದ ಸದ್ದು ಕೇಳುತ್ತಿತ್ತು. ನಮ್ಮ ಮನೆಯ ಗಡಿಯಾರಕ್ಕೆ ಸದ್ದಿದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ಸದ್ದಿನ ಮೇಲೆ ಎದುರುಮನೆ ಪುಟ್ಟಲಕ್ಷ್ಮಕ್ಕನ ಧ್ವನಿ ಬಿತ್ತು. ‘ಶಾರದವ್ವ, ಒಂದೀಟು ಕರಿಬೇವು ಕಿತ್ಕತೀನಿ ಕಣವ್ವ.’ ಪುಟ್ಟಲಕ್ಷ್ಮಕ್ಕ ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಹೊಲ, ಗದ್ದೆ, ಎಮ್ಮೆ, ಹುಣಸೆಮರ ಎಲ್ಲ ಇರುವ ಗೌಡರ ಮನೆ. ತೌರು ನಾಗಮಂಗಲದ ಕಡೆ. ಕರಿಬೇವು ಹಿತ್ತಲಲ್ಲಿದೆ, ಹಿತ್ತಲಿಗೆ ಪಕ್ಕದ ಓಣಿಯಿಂದಲೇ ಹೋಗಬಹುದು. ಆದರೆ ಅವರು ನಡುಮನೆಯ ಮೂಲಕ ಹೋಗುತ್ತಾರೆ, ದಾರಿಯಲ್ಲಿ ನಿಲ್ಲುತ್ತಾರೆ. ಅಂದೂ ನಿಂತರು.

‘ಏನವ್ವ ಇದು, ಒಬ್ಳೇ ಕುಂತ್ಕಂಡು ಆಟ ಆಡ್ತಾ ಇದ್ದೀಯ?’

‘ಆಟ ಅಲ್ಲ ಅಕ್ಕ, ಸಿಪಾಯಿಗಳು. ಬಣ್ಣ ಹಾಕ್ತಾ ಇದೀನಿ.’

‘ಯಾರ್ಗೆ?’

‘ಯಾರಿಗೂ ಇಲ್ಲ. ಸುಮ್ಮನೆ.’

‘ಸುಮ್ಮನೆ’ ಎಂಬ ಮಾತನ್ನು ಅವರು ಬಾಯೊಳಗೆ ಒಂದು ಸುತ್ತು ತಿರುಗಿಸಿದರು, ರುಚಿಸಲಿಲ್ಲ. ಇಡ್ಲಿ ತಟ್ಟೆಗಳ ಮೇಲೆ ನಿಂತಿದ್ದ ಬೂದು ಸಿಪಾಯಿಗಳನ್ನೆಲ್ಲ ನೋಡಿ, ‘ಅಯ್ಯೋ, ಇಷ್ಟೊಂದು ಜನವ. ಒಬ್ಳೇ ಎಂಗ್ ಮಾಡಿಯೇ? ನಂಗ್ ಒಂದ್ ಕಡ್ಡಿ ಕೊಡು ಇಲ್ಲಿ’ ಎಂದು ಸೆರಗು ಸಿಕ್ಕಿಸಿ ಕೂತೇಬಿಟ್ಟರು. ಕಡ್ಡಿ ಎಂದರೆ ಬ್ರಶ್ಶು. ಬೇಡ ಎನ್ನುವ ಮೊದಲೇ ಅದು ಹಳದಿ ಬಣ್ಣದಲ್ಲಿ ಮುಳುಗಿತ್ತು. ಪುಟ್ಟಲಕ್ಷ್ಮಕ್ಕ ಪ್ರತಿ ವರ್ಷ ಸಂಕ್ರಾಂತಿಗೆ ತಮ್ಮ ಎತ್ತುಗಳ ಕೊಂಬಿಗೆ ಬಣ್ಣ ಹೊಡೆಯುವವರು. ಅವರ ಪಾಲಿಗೆ ನೆಟ್ಟಗೆ ನಿಂತದ್ದೆಲ್ಲ ಕೊಂಬೇ. ನನ್ನ ಕಾಲಾಳುಗಳ ಕಾಲಿಗೆ ಒಂದು ಪಟ್ಟೆ ಹಳದಿ, ಒಂದು ಪಟ್ಟೆ ಕೆಂಪು, ನಡುವೆ ಹಸಿರು ಚುಕ್ಕೆ, ಬಂದೂಕಿನ ತುದಿಗೆ ಕಳಶದಂತೆ ಒಂದು ಬಂಗಾರದ ಗುಳ್ಳೆ. ‘ಈಗ ನೋಡು, ಎಂಗ್ ಸಂದಾಗವ್ರೆ. ನೀನು ಮಾಡಿದ್ದು ಜರ ಬಂದೋರ್ ಇದ್ದಂಗಿತ್ತು’ ಎಂದರು. ಕರಿಬೇವು ಕಿತ್ತುಕೊಂಡು ಹೊರಡುವಾಗ ಗೇಟಿನ ಬಳಿ ನಿಂತು, ಬಹಳ ಸಹಜವಾಗಿ, ‘ಬರೋ ಐತ್ವಾರ ಉಣ್ಸೆಣ್ಣು ಕುಟ್ಟಾಕ್ ಕುಂತ್ಕತೀವಿ. ಬಂದ್ಬುಡವ್ವ’ ಎಂದರು.

ನಮ್ಮ ಕಡೆಯ ಮುಯ್ಯಿ ಗೊತ್ತಿಲ್ಲದವರಿಗೆ ಇದರಲ್ಲಿ ಏನೂ ಕಾಣುವುದಿಲ್ಲ. ಇವತ್ತು ನೀನು ನನ್ನ ಮನೆಯ ಕೆಲಸಕ್ಕೆ ಕೈ ಹಾಕಿದರೆ, ನಾಳೆ ನಾನು ನಿನ್ನ ಮನೆಯ ಕೆಲಸಕ್ಕೆ ಕೈ ಹಾಕಬೇಕು, ಅಷ್ಟೇ ಹೊತ್ತು. ನಾಟಿ, ಕಳೆ, ಕಟಾವು, ಮದುವೆ ಮನೆಯ ಹಪ್ಪಳ, ಎಲ್ಲ ನಡೆಯುವುದು ಹೀಗೆ. ಹಾಗೆ ಕೆಲಸಕ್ಕೆ ಬಂದವರು ಮುಯ್ಯಾಳು. ಇದರಲ್ಲಿ ಮಾತಿಲ್ಲ, ಕರಾರಿಲ್ಲ, ಮರೆವೂ ಇಲ್ಲ. ಕೆಲಸ ಹೇಗೆ ಮಾಡಿದಿರಿ ಎಂದು ಯಾರೂ ನೋಡುವುದಿಲ್ಲ. ಎಷ್ಟು ಹೊತ್ತು ಕೂತಿದ್ದಿರಿ ಎಂಬುದೇ ಲೆಕ್ಕ. ನನ್ನ ಸಿಪಾಯಿಗಳನ್ನು ಹಾಳು ಮಾಡಿದ ಹೊತ್ತೂ ಹೊತ್ತೇ. ಮುಯ್ಯಿ ತೀರಿಸದ ಹೆಂಗಸು ಎಂದು ಹೆಸರು ಬಂದರೆ ಆಮೇಲೆ ನಮ್ಮ ಬೀದಿಯಲ್ಲಿ ಕರಿಬೇವನ್ನೂ ಯಾರೂ ಕೇಳುವುದಿಲ್ಲ. ಹೋದೆ. ಕಲ್ಲಿನ ಮೇಲೆ ಹುಣಸೆಹಣ್ಣಿಟ್ಟು ಸುತ್ತಿಗೆಯಲ್ಲಿ ಕುಟ್ಟಿ, ಬೀಜ ಹಾರಿಸಿ, ನಾರು ಬಿಡಿಸಿದೆ. ಕೈ ಕಪ್ಪಾಯಿತು, ಸೊಂಟ ಬಿದ್ದುಹೋಯಿತು. ಗುಂಡಿಗೆ ಚುಕ್ಕೆ ಇಡಬೇಕೆಂದು ಜೋಪಾನ ಮಾಡಿದ್ದ ಹೆಬ್ಬೆರಳಿನ ಮೇಲೇ ಸುತ್ತಿಗೆ ಬಿತ್ತು. ಆ ಭಾನುವಾರ ನನ್ನ ಮೇಜಿನ ಮೇಲೆ ಸಿಪಾಯಿಗಳು ತಮ್ಮಷ್ಟಕ್ಕೆ ತಾವು ನಿಂತಿದ್ದರು. ಅವರಿಗೆ ಸಿಕ್ಕ ಏಕಾಂತ ನೆನೆದು ಹೊಟ್ಟೆ ಉರಿಯಿತು.

ಪುಟ್ಟಲಕ್ಷ್ಮಕ್ಕನೊಬ್ಬರೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ಅವರು ಬೀದಿ ಕೊನೆಯ ಸರೋಜಮ್ಮನವರಿಗೆ ಹೇಳಿದರು. ಸರೋಜಮ್ಮನವರು ಅರ್ಚಕರ ಮನೆಯವರು, ಆಚಾರ ಬಲ್ಲವರು. ಬಂದು ಕೂತವರು ಬ್ರಶ್ಶು ಮುಟ್ಟುವ ಮೊದಲು, ‘ಇದು ಯಾವ ಪ್ರಾಣಿ ಕೂದಲು ರೀ?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ‘ನೈಲಾನು’ ಎಂದೆ. ಸಮಾಧಾನಪಟ್ಟು, ಒಬ್ಬ ಸಿಪಾಯಿಯನ್ನು ಕೈಗೆತ್ತಿಕೊಂಡು ಮುಖ ನೋಡಿದರು. ‘ಹಣೆ ಬೋಳಾಗಿದೆಯಲ್ಲ, ಅಮಂಗಳ’ ಎಂದು ಬಿಳಿ ಬಣ್ಣದಲ್ಲಿ ಎರಡು ಗೆರೆ, ನಡುವೆ ಕೆಂಪು ಗೆರೆ ಎಳೆದರು. ದೂರದೇಶದ ಆ ಪಡೆಯ ಒಂದು ಸಾಲು ಅರ್ಧ ಗಂಟೆಯಲ್ಲಿ ನಾಮಧಾರಿಯಾಯಿತು. ಪುಟ್ಟಲಕ್ಷ್ಮಕ್ಕ ತಮ್ಮ ಕಡ್ಡಿ ಕೆಳಗಿಟ್ಟರು.

‘ಎಲ್ಲಾರ್ಗೂ ನಾಮ ಹಾಕ್ಬುಟ್ರೆ ನಮ್ಮೋರು ಎಲ್ಲಿಗೋಗ್ಬೇಕು ಸರೋಜಮ್ನೋರೆ? ನಮ್ ಮನೆದೇವ್ರು ಭೈರವ ಕಣ್ರವ್ವ. ನಾನೂ ಅರ್ಧ ಜನಕ್ಕೆ ಈಬೂತಿ ಹಚ್ತೀನಿ.’

‘ಹಚ್ಚಿ, ಯಾರು ಬೇಡ ಅಂದ್ರು? ಆದ್ರೆ ಮುಂದಿನ ಸಾಲಿಗೆ ನಾಮ ಇರ್ಲಿ. ನೋಡೋಕೆ ಲಕ್ಷಣ.’

‘ಮುಂದ್ಲ ಸಾಲ್ನೋರೇ ಅಲ್ವ ಮೊದ್ಲು ಸಾಯೋದು? ಇರ್ಲಿ ಬುಡಿ, ನಿಮ್ಮೋರೇ ಮುಂದಿರ್ಲಿ.’

ಸರೋಜಮ್ಮನವರು ತಕ್ಷಣ ತಮ್ಮವರನ್ನು ಹಿಂದಿನ ಸಾಲಿಗೆ ಸರಿಸಿದರು. ಆಮೇಲೆ ಅವರ ಮೀಸೆಗಿಂತ ಇವರ ಮೀಸೆ ದಪ್ಪವಾಗಿದೆ ಎಂದು ಮಾತು ಬೆಳೆಯಿತು. ಬೇಳೆ ತೂಗಿದಂತೆ ಎರಡು ಕಡೆಗೂ ಸಮನಾಗಿ ಬಂದೂಕು, ತುತ್ತೂರಿ, ಬಾವುಟ ಹಂಚಿಕೆಯಾಯಿತು. ಉಳಿದದ್ದು ಒಬ್ಬನೇ ಒಬ್ಬ ಸೇನಾಪತಿ. ಅವನಿಗೆ ಇಬ್ಬರೂ ಹಚ್ಚಿದರು, ಅಡ್ಡಡ್ಡವೂ ಉದ್ದುದ್ದವೂ. ಅವನ ಹಣೆ ಚೌಕಾಬಾರದ ಮನೆಯಂತಾಯಿತು. ಶತ್ರುವೇ ಇಲ್ಲದ ಸೈನ್ಯದಲ್ಲಿ ಹೀಗೆ ಎರಡು ಪಾಳೆಯ ಮಾಡಿ, ಇಬ್ಬರೂ ಬಹಳ ಸ್ನೇಹದಿಂದ ನನ್ನ ಮನೆಯ ಕಾಫಿ ಕುಡಿದು ಹೋದರು. ಸರೋಜಮ್ಮನವರಿಗೆ ತೀರಿಸಬೇಕಾದ ಮುಯ್ಯಿ ಅಕ್ಕಿ ಸಂಡಿಗೆ. ಆದರೆ ಅವರ ಮಡಿಯ ಪಾತ್ರೆಯನ್ನು ನಾನು ಮುಟ್ಟುವಂತಿಲ್ಲ. ಹಾಗಾಗಿ ಅವರ ತಾರಸಿಯ ಮೇಲೆ ಛತ್ರಿ ಹಿಡಿದು ಕಾಗೆ ಓಡಿಸುವ ಕೆಲಸ ನನಗೆ ಬಂತು. ಅಲ್ಲಾದರೂ ಒಬ್ಬಳೇ ಇರಬಹುದು ಎಂದುಕೊಂಡರೆ, ಆಚೆ ತಾರಸಿಯವರು ಬಟ್ಟೆ ಒಣಗಿಸಲು ಬಂದು ‘ಯಾಕೆ ಒಬ್ರೇ ಬಿಸಿಲಲ್ಲಿ ಕೂತಿದ್ದೀರಿ’ ಎಂದರು. ಈಚೆಯವರು ಬಟ್ಟೆ ಎತ್ತಲು ಬಂದು ಅದನ್ನೇ ಕೇಳಿದರು.

ನಾನು ಸುಮ್ಮನಿದ್ದೆ ಎಂದುಕೊಳ್ಳಬೇಡಿ. ಬಾಗಿಲಿಗೆ ಚಿಲಕ ಹಾಕಿ ನೋಡಿದೆ. ಹಗಲಲ್ಲಿ ಚಿಲಕ ಹಾಕಿದ್ದಾರೆ, ಏನೋ ಆಗಿದೆ ಎಂದು ಕಿಟಕಿಯಿಂದ ಕೂಗಿದರು. ತಲೆನೋವು ಎಂದು ಹೇಳಿ ಕಳಿಸಿದೆ. ಪುಟ್ಟಲಕ್ಷ್ಮಕ್ಕ ಮೆಣಸು ಕಷಾಯ ಮಾಡಿಕೊಂಡು ಬಂದರು. ಬಂದವರು, ‘ನೀ ಮನಿಕ್ಕವ್ವ, ನಿನ್ ಕೆಲ್ಸ ನಾ ಮಾಡ್ತೀನಿ’ ಎಂದು ನನ್ನ ಮೇಜಿನಲ್ಲಿ ಕೂತರು. ಇಲ್ಲದ ತಲೆನೋವಿಗೆ ಖಾರದ ಕಷಾಯ ಕುಡಿದು ನಾನು ಮಲಗಿದ್ದೆ, ನನ್ನ ಸಿಪಾಯಿಗಳ ಕಾಲಿಗೆ ಪಟ್ಟೆ ಬೀಳುತ್ತಿತ್ತು, ಮುಯ್ಯಿ ಏರುತ್ತಿತ್ತು. ಆಗ ನಮ್ಮ ಮನೆಯವರು ತಮ್ಮ ಗಣಿತವನ್ನೆಲ್ಲ ಸೇರಿಸಿ ಒಂದು ಉಪಾಯ ಹೇಳಿದರು. ‘ನೀನು ಪ್ರತಿ ಸಲ ತೀರಿಸಿ ಸೊನ್ನೆಗೆ ತರ್ತೀಯ. ಸೊನ್ನೆಯಿಂದ ಮತ್ತೆ ಶುರುವಾಗುತ್ತೆ. ಒಂದು ಸಲ ನೀನೇ ಮುಂದಾಗಿ ಹೆಚ್ಚಿಗೆ ಮಾಡಿಬಿಡು. ಮುಯ್ಯಿ ಅವರ ತಲೆ ಮೇಲೆ ಇರುತ್ತೆ. ಆಮೇಲೆ ಅವರು ನಿನ್ನ ಕಣ್ಣು ತಪ್ಪಿಸಿಕೊಂಡು ಓಡಾಡ್ತಾರೆ, ನಿನ್ನ ಮನೆ ಕಡೆ ತಲೆ ಹಾಕಲ್ಲ.’

ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿದವರ ಮಾತು, ನಂಬಿದೆ. ಎರಡು ದಿನ ರಜೆ ಹಾಕಿದೆ. ಕರೆಯದಿದ್ದರೂ ಪುಟ್ಟಲಕ್ಷ್ಮಕ್ಕನ ಮನೆಗೆ ಹೋಗಿ ಉಳಿದ ಹುಣಸೆಹಣ್ಣು ಕುಟ್ಟಿದೆ, ರಾಗಿ ಕೇರಿದೆ, ಮೆಣಸಿನಕಾಯಿ ತೊಟ್ಟು ಬಿಡಿಸಿ ಸೀನಿ ಸೀನಿ ಮನೆಗೆ ಬಂದೆ. ‘ಯಾಕವ್ವ ಇಷ್ಟೊಂದ್ ಮಾಡೀಯೆ, ಬುಡು ಬುಡು’ ಎಂದು ಅವರು ಹೇಳುತ್ತಲೇ ಇದ್ದರು. ಸರೋಜಮ್ಮನವರ ಕಾಗೆಗಳನ್ನೂ ಮತ್ತೊಂದು ದಿನ ಓಡಿಸಿದೆ. ಸಾಲ ಮಾಡಿದವನಾದರೆ ಓಡಿಹೋಗುತ್ತಾನೆ, ನಿಜ. ಆದರೆ ಮುಯ್ಯಿ ಉಳಿಸಿಕೊಂಡವರು ಓಡಿಹೋಗುವುದಿಲ್ಲ, ಓಡಿ ಬರುತ್ತಾರೆ. ನಮ್ಮ ಮನೆಯವರು ಇದೇ ಸೀಮೆಯಲ್ಲಿ ಹುಟ್ಟಿಯೂ ಇದನ್ನು ಮರೆತಿದ್ದರು, ನಾನೂ ಮರೆತೆ. ಮುಂದಿನ ಭಾನುವಾರ ಊಟದ ತಟ್ಟೆ ಎತ್ತುವ ಮೊದಲೇ ಪುಟ್ಟಲಕ್ಷ್ಮಕ್ಕ ಬಂದರು. ಒಬ್ಬರೇ ಬರಲಿಲ್ಲ. ನನ್ನ ಮುಯ್ಯಿ ಅವರೊಬ್ಬರಿಂದ ತೀರದಷ್ಟು ಬೆಳೆದಿತ್ತಾದ್ದರಿಂದ ನಾಗಮಂಗಲದಿಂದ ತಂಗಿಯನ್ನು ಕರೆಸಿಕೊಂಡಿದ್ದರು. ಹಿಂದೆಯೇ ಸರೋಜಮ್ಮನವರು ಬಂದರು. ‘ಇವತ್ತು ನೀನು ಮುಟ್ಟಂಗಿಲ್ಲ ಕಣವ್ವ. ಅತ್ಲಾಗಿ ಕುಂತ್ಕೊ. ಪೂರಾ ಮುಗ್ಸ್‌ಬುಟ್ಟೇ ಏಳೋದು’ ಎಂದರು ಪುಟ್ಟಲಕ್ಷ್ಮಕ್ಕ. ನನ್ನ ಮೇಜಿನಿಂದ ನನ್ನನ್ನು ಎಬ್ಬಿಸಿ ಕಾಫಿ ಮಾಡಲು ಕಳಿಸಿದರು. ನಮ್ಮ ಮನೆಯವರು ಪೇಪರು ಮುಖಕ್ಕೆ ಅಡ್ಡ ಹಿಡಿದುಕೊಂಡು ಕೂತಿದ್ದರು. ಅಂದು ಅವರು ಪೇಪರಿನ ಪುಟ ತಿರುವಿದ್ದನ್ನು ನಾನು ನೋಡಲಿಲ್ಲ.

ಅದೇ ದಿನ ನಮ್ಮ ಭಾವ ಶ್ರೀರಂಗಪಟ್ಟಣದಿಂದ ನನ್ನ ಪ್ರಗತಿ ನೋಡಲು ಬರಬೇಕೇ. ಬಂದವರು ಜೇಬಿನಿಂದ ಭೂತಗನ್ನಡಿ ತೆಗೆದು, ಇಡ್ಲಿ ತಟ್ಟೆಗಳ ಮುಂದೆ ಪರೇಡ್ ಪರೀಕ್ಷೆಗೆ ಬಂದ ಅಧಿಕಾರಿಯಂತೆ ಬಗ್ಗಿದರು. ಪಟ್ಟೆಯ ಕಾಲು, ಬಂಗಾರದ ಗುಳ್ಳೆ, ನಾಮ, ವಿಭೂತಿ, ಚೌಕಾಬಾರದ ಹಣೆ. ನಾಗಮಂಗಲದ ತಂಗಿ ಹೆಗಲಿಗೆ ಹಸಿರು ಟವೆಲ್ಲು ಬೇರೆ ಬರೆದಿದ್ದರು.

‘ಇದು ಯಾವ ರೆಜಿಮೆಂಟು?’ ಎಂದರು ಭಾವ, ಭೂತಗನ್ನಡಿ ಒರೆಸಿಕೊಂಡು.

‘ನಮ್ಮ ಪಾಂಡವಪುರದ್ದೇ ಕಣ್ ಸ್ವಾಮಿ’ ಎಂದರು, ಬೀರುವಿನ ಸುದ್ದಿಯನ್ನು ನನ್ನಿಂದ ಕೇಳಿದ್ದ ಪುಟ್ಟಲಕ್ಷ್ಮಕ್ಕ. ‘ನಿಮ್ಮ ಬೀರುನಾಗಿರೋರು ಯಾರ ಕಡೆಯೋರು?’

ಭಾವ ನನ್ನ ಕಡೆ ತಿರುಗಿ ನೋಡಿದರು. ಸೈನ್ಯದಿಂದ ತಪ್ಪಿಸಿಕೊಂಡು ಓಡಿಹೋದವರನ್ನು ಹಾಗೆ ನೋಡುತ್ತಾರೆಂದು ಕಾಣುತ್ತದೆ. ಆಮೇಲೆ ಹೆಂಗಸರೆಲ್ಲ ಸುತ್ತ ಸೇರಿ ಕೇಳಿದ್ದರಿಂದ, ನೆರಳು ಹೇಗೆ ಕೊಡಬೇಕು, ಕೋಟಿನ ಮಡಿಕೆಯಲ್ಲಿ ಕಪ್ಪು ಹೇಗೆ ತುಂಬಬೇಕು ಎಂದು ತೋರಿಸಿಕೊಡತೊಡಗಿದರು. ತೋರಿಸುತ್ತಾ ತೋರಿಸುತ್ತಾ ಎದೆ ಉಬ್ಬಿಸಿದರು. ಪುಟ್ಟಲಕ್ಷ್ಮಕ್ಕ ಬಿಡದೆ ನೋಡಿದರು. ಅಂತೂ ಸಂಜೆಗೆ ಪಡೆಯಲ್ಲಿ ಉಳಿದದ್ದು ಬಣ್ಣ ಕಾಣದ ಒಬ್ಬ ತಮಟೆಯವನು ಮಾತ್ರ. ಅವನನ್ನೂ ಮುಗಿಸಲು ಪುಟ್ಟಲಕ್ಷ್ಮಕ್ಕ ಕೈ ನೀಡಿದಾಗ ನಾನು ಅವನನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು, ಜೀವನದಲ್ಲಿ ಮೊದಲ ಸಲ ಇದ್ದದ್ದನ್ನು ಇದ್ದಂತೆ ಹೇಳಿದೆ. ‘ಅಕ್ಕ, ತಪ್ಪು ತಿಳ್ಕೋಬೇಡಿ. ನನಗೆ ಸಹಾಯ ಬೇಡ. ಭಾನುವಾರ ಒಂದಿಷ್ಟು ಹೊತ್ತು ನಾನೊಬ್ಬಳೇ ಕೂತು ಮಾಡಬೇಕು ಅಂತ ಆಸೆ.’

ಪುಟ್ಟಲಕ್ಷ್ಮಕ್ಕನಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಅವರು ನನ್ನನ್ನೂ, ಪೇಪರಿನ ಹಿಂದಿದ್ದ ಇವರನ್ನೂ ನೋಡಿ, ಬಹಳ ಮೆತ್ತಗೆ, ‘ಆಗ್ಲಿ ಕಣವ್ವ. ಏನಿದ್ರೂ ಮನಸ್ನಲ್ ಇಟ್ಕಬ್ಯಾಡ’ ಎಂದು ಎದ್ದುಹೋದರು. ಎರಡು ದಿನದಲ್ಲಿ ಇಡೀ ಬೀದಿಗೆ ಗೊತ್ತಾಯಿತು, ಶಾರದಮ್ಮನಿಗೂ ಮೇಷ್ಟ್ರಿಗೂ ಮಾತಿಲ್ಲವಂತೆ, ಪಾಪ, ಆಕೆ ಒಬ್ಬಳೇ ಗೊಂಬೆ ಜೊತೆ ಕೂತಿರುತ್ತಾಳಂತೆ ಎಂದು. ಇವರ ಶಾಲೆಯವರೊಬ್ಬರು ಕೆ.ಆರ್. ಪೇಟೆ ಬಸ್ಸಿನಲ್ಲಿ ಇವರ ಹೆಗಲ ಮೇಲೆ ಕೈಯಿಟ್ಟು, ‘ಹೊಂದಿಕೊಂಡು ಹೋಗ್ಬೇಕು ಸಾರ್’ ಎಂದರಂತೆ. ಆದರೇನು, ಭಾನುವಾರ ಸಿಕ್ಕಿತು. ಯಾರೂ ಬರಲಿಲ್ಲ. ನಾನು ಆ ತಮಟೆಯವನನ್ನು ಇಟ್ಟುಕೊಂಡು ಕೂತೆ. ಅವನ ಒಂದು ಕಣ್ಣನ್ನು ಒಂದು ವಾರ, ಇನ್ನೊಂದು ಕಣ್ಣನ್ನು ಮತ್ತೊಂದು ವಾರ ಬರೆದೆ. ಎರಡು ಕಣ್ಣೂ ಬೇರೆ ಬೇರೆ ಊರಿನ ಕಡೆ ನೋಡುತ್ತಿದ್ದವು. ಸಂತೋಷವಾಗಿದ್ದೆ. ನಾನು ಸಂತೋಷವಾಗಿದ್ದೆ ಎಂದು ಇವರಿಗೂ ಎರಡು ಮೂರು ಸಲ ಹೇಳಿದೆ.

ಆದರೆ ಲೆಕ್ಕ ಉಳಿದಿತ್ತಲ್ಲ. ತಂಗಿಯನ್ನೂ ಸೇರಿಸಿ ಬಂದಿದ್ದರಿಂದ ಈಗ ಮುಯ್ಯಿ ಉಳಿದದ್ದು ನನ್ನ ತಲೆಯ ಮೇಲೆ. ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ನಾಗಮಂಗಲದ ತಂಗಿಯ ಹೊಲದ ಬಿತ್ತನೆಗೆಂದು ಕಡಲೆಕಾಯಿಯ ಮೂಟೆ ಪುಟ್ಟಲಕ್ಷ್ಮಕ್ಕನ ಮನೆಗೆ ಬಂತೆಂದು ಗೊತ್ತಾಯಿತು. ಕರೆಯಲಿಲ್ಲ. ಕರೆಯದಿದ್ದದ್ದು ಚುಚ್ಚಿತು. ಭಾನುವಾರ ಮಧ್ಯಾಹ್ನ ನಾನೇ ಹೋದೆ. ಪುಟ್ಟಲಕ್ಷ್ಮಕ್ಕ ಅವಸರದಲ್ಲಿದ್ದರು. ‘ಬಂದ್ಯಾ? ಇತ್ಲ ಜಗುಲಿ ಮೇಲೆ ಸುರ್ದೀವ್ನಿ, ಸುಲೀತಾ ಇರವ್ವ. ನಂಗೆ ಒಳ್ಗೆ ಕೆಲ್ಸ ಅದೆ’ ಎಂದು ನಡುಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹಿತ್ತಲಿನ ಜಗುಲಿಯಲ್ಲಿ ನಾನು, ಕಡಲೆಕಾಯಿಯ ರಾಶಿ, ಕಟ್ಟಿಹಾಕಿದ ಎಮ್ಮೆ. ಮಾತಾಡಿಸುವವರಿಲ್ಲ. ಗಾಳಿಗೆ ತೆಂಗಿನ ಗರಿ ಅಲ್ಲಾಡುತ್ತಿತ್ತು. ವರ್ಷದ ಮೊದಲಿನಿಂದ ನಾನು ಹುಡುಕುತ್ತಿದ್ದ ಹೊತ್ತು ಇದೇ ಇರಬೇಕು. ಅದನ್ನು ಅನುಭವಿಸೋಣ ಎಂದು ಒಂದು ಬೊಗಸೆ ಕಾಯಿ ಸುಲಿಯುವವರೆಗೆ ಪ್ರಯತ್ನಪಟ್ಟೆ. ಆಮೇಲೆ ಒಂದೇ ಯೋಚನೆ: ಅಷ್ಟು ಹೊತ್ತಿನಿಂದ ಬಾಗಿಲು ಹಾಕಿಕೊಂಡು ಒಳಗೆ ಒಬ್ಬರೇ ಏನು ಮಾಡುತ್ತಿದ್ದಾರೆ? ಮನೆಯಲ್ಲಿ ಏನಾದರೂ ಜಗಳವೇ? ಮೈಗೆ ಹುಷಾರಿಲ್ಲವೇ?

ಕುಡಿಯಲು ನೀರು ಕೇಳುವ ನೆಪ ಮಾಡಿಕೊಂಡು ಎದ್ದು ಬಾಗಿಲು ತಳ್ಳಿದೆ. ನೀರಿನ ಗಡಿಗೆ ಜಗುಲಿಯಲ್ಲೇ ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು. ಒಳಗೆ ಪುಟ್ಟಲಕ್ಷ್ಮಕ್ಕ ಕಿಟಕಿಯ ಬೆಳಕಿಗೆ ಕೂತು, ಮೂಗಿನ ತುದಿಗೆ ತಮ್ಮ ಯಜಮಾನರ ಕನ್ನಡಕ ಏರಿಸಿಕೊಂಡು, ಉಸಿರು ಬಿಗಿಹಿಡಿದು ಒಬ್ಬ ಕುದುರೆ ಸವಾರನಿಗೆ ಬಣ್ಣ ಹಚ್ಚುತ್ತಿದ್ದರು. ಭಾವ ಅವರಿಗೂ ಒಂದು ಡಬ್ಬಿ ಕಳಿಸಿಕೊಟ್ಟಿದ್ದರಂತೆ. ತಲೆಯೆತ್ತಿ ನೋಡಿದ ಅವರ ಮುಖ ನನಗೆ ಚೆನ್ನಾಗಿ ಪರಿಚಯವಿತ್ತು; ಕಾಲೇಜಿನ ಕಂಡಿಯಲ್ಲಿ ಕೈ ಬಂದಾಗ ನನ್ನ ಮುಖ ಹಾಗೆಯೇ ಆಗುತ್ತದೆ. ಅಲ್ಲಿಂದ ನಾನು ಹಿಂದಕ್ಕೆ ಹೋಗಬೇಕಿತ್ತು. ಕುದುರೆಯ ಬಾಲಕ್ಕೆ ಹಚ್ಚಿದ್ದ ಹಸಿರು ನನ್ನನ್ನು ಬಿಡಲಿಲ್ಲ.

‘ಬಾಲಕ್ಕೆ ಇಷ್ಟು ಹಸಿರು ಬೇಡಾಗಿತ್ತು ಅಕ್ಕ. ಕೊಡಿ ಇಲ್ಲಿ, ಒಂಚೂರು ಸರಿ ಮಾಡ್ತೀನಿ.’

‘ಬ್ಯಾಡ ಬುಡವ್ವ, ನಾನೇ…’ ಎನ್ನುವಷ್ಟರಲ್ಲಿ ಬ್ರಶ್ಶು ನನ್ನ ಕೈಯಲ್ಲಿತ್ತು, ನಾನು ನೆಲದ ಮೇಲೆ ಕೂತಿದ್ದೆ. ಬಾಲ ಮುಗಿಸಿ ಕುತ್ತಿಗೆಯ ಜೂಲಿಗೆ ಬಂದೆ, ಜೂಲಿನಿಂದ ಜೀನಿಗೆ, ಜೀನಿನಿಂದ ಪಕ್ಕದಲ್ಲಿದ್ದ ಇನ್ನಿಬ್ಬರಿಗೆ. ಬೆಳಕು ಇಳಿದಾಗಲೇ ಗೊತ್ತಾದದ್ದು, ಕಡಲೆಕಾಯಿ ಸುಲಿದದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ಕೂತಿದ್ದೆನೆಂದು. ಸೆರಗು ಕೊಡವಿ ಎದ್ದು ಗೇಟು ದಾಟುವಾಗ ಪುಟ್ಟಲಕ್ಷ್ಮಕ್ಕ ಹಿಂದಿನಿಂದ, ಬೇಸರವೋ ಕರುಣೆಯೋ ತಿಳಿಯದ ಧ್ವನಿಯಲ್ಲಿ ಕೂಗಿ ಹೇಳಿದರು:

‘ಬರೋ ಐತ್ವಾರ ನಾನೇ ಬತ್ತೀನಿ ಬುಡು ಶಾರದವ್ವ. ಮುಯ್ಯಿ ಉಳಿಸ್ಕಂಡು ನಂಗೆ ಅಭ್ಯಾಸ ಇಲ್ಲ.’

ಬೇಡ ಎನ್ನಲು ತಿರುಗಿದೆ. ಬಾಗಿಲು ತಳ್ಳಿದವಳು ನಾನೇ ಆದ್ದರಿಂದ, ‘ಬೇಗ ಬನ್ನಿ ಅಕ್ಕ’ ಎಂದು ಹೇಳಿ ಬಂದೆ.